ಹಳದಿ ಗೋಡೆಯ ಬುಟ್ಟಿ

ಇಟಲಿಯ ಲಿಗೂರಿಯಾದ ನಮ್ಮ ಕಡಲ ದಂಡೆಯಲ್ಲಿ ಮನೆಗಳ ಬೋಳು ಗೋಡೆಗೆ ನಿಜದಂತೆಯೇ ಕಾಣುವ ಕಿಟಕಿಗಳ ಚಿತ್ರ ಬರೆಸುತ್ತಾರೆ. ನನ್ನ ಗಂಡ ಎತ್ತೊರೆ ಅದನ್ನೇ ಬರೆದು ಸಂಸಾರ ಸಾಕಿದವನು. ಅವನ ಹೃದಯದ ಆಪರೇಷನ್ ಆದ ಮರುವರ್ಷ, ಜನವರಿಯ ಚಳಿಯಲ್ಲಿ, ನಾವು ಮದುವೆಯಾದ ಗುಡ್ಡದ ಚರ್ಚಿಗೆ ನಡೆದೇ ಹೋಗಬೇಕೆಂದು ಇಬ್ಬರೂ ಹಟ ಹಿಡಿದು ಹೊರಟೆವು.

ಗುಡ್ಡದ ಮೆಟ್ಟಿಲುಗಳನ್ನು ಅರ್ಧದಷ್ಟು ಹತ್ತುವಷ್ಟರಲ್ಲಿ ಅವನ ತುಟಿ ನೀಲಿಯಾಯಿತು. ಒಂದು ಹಳದಿ ಮನೆಯ ಕೆಳಗೆ ಕೂರಿಸಿದೆ.

"ವಾಪಸ್ ಹೋಗೋಣ, ಎತ್ತೊರೆ."

"ಮದ್ವೆ ದಿನಾನೂ ಇದನ್ನೇ ಅಂದಿದ್ದೆ ನೀನು," ಎಂದು ಏದುಸಿರಿನಲ್ಲೇ ನಕ್ಕ.

ಆಗ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿದು ಬಂತು. ಒಳಗೆ ಹಬೆಯಾಡುವ ಕೋಳಿಸಾರಿನ ಬಟ್ಟಲು. ಮೂರನೇ ಮಹಡಿಯ ಕಿಟಕಿಯಲ್ಲಿ ಅಜ್ಜಿಯೊಬ್ಬಳು ಬಾಗಿ ನಿಂತಿದ್ದಳು.

"ಕುಡಿಸು ಮಗಳೇ. ಹತ್ತುತಾನೆ ಬಿಡು, ಅವಸರ ಮಾಡ್ಬೇಡ."

ಸಾರು ಸುಡುತ್ತಿತ್ತು, ಬಟ್ಟಲು ಮಾತ್ರ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಹಗ್ಗಕ್ಕೆ ಹಸಿ ಸುಣ್ಣದ ವಾಸನೆ. ಎತ್ತೊರೆ ಕುಡಿದ, ಉಸಿರು ಹದಕ್ಕೆ ಬಂತು. ಖಾಲಿ ಬಟ್ಟಲಿಟ್ಟೊಡನೆ ಬುಟ್ಟಿ ಸದ್ದಿಲ್ಲದೆ ಮೇಲೇರಿತು. ಅವನು ಎದ್ದು ನಿಂತು, ಗೋಡೆಯತ್ತ ಕತ್ತೆತ್ತಿ, ಕಿಟಕಿಗಳನ್ನು ಒಂದೊಂದಾಗಿ ನೋಡಿದ.

"ಓರ್ನೆಲ್ಲಾ, ಈ ಗೋಡೆ ನಾನೇ ಬರೆದದ್ದು ಕಣೆ. ನಿಜವಾದ ಕಿಟಕಿ ಒಂದೂ ಇಲ್ಲ ಇದ್ರಲ್ಲಿ."

ನಾನು ಅವನ ತೋಳು ಹಿಡಿದೆ. "ಹತ್ತುತೀಯಾ?" ಎಂದೆ.

"ಹತ್ತದೆ ಬಿಡ್ತೀನಾ?"

ಮಧ್ಯಾಹ್ನದ ಗಂಟೆ ಬಾರಿಸುವಾಗ ನಾವು ಚರ್ಚಿನ ಬಾಗಿಲಲ್ಲಿ ಕೈ ಹಿಡಿದು ನಿಂತಿದ್ದೆವು. ಇಳಿಯುವಾಗ ಆ ಗೋಡೆಯನ್ನು ಸವರಿ ನೋಡಿದೆ. ಮೂರನೇ ಮಹಡಿಯಲ್ಲಿ ಬಣ್ಣದಿಂದ ಬರೆದ, ಅಜ್ಜಿ ಬಾಗಿ ನಿಂತಿದ್ದ ಕಿಟಕಿಯಿಂದ ನೆಲದವರೆಗೂ ಗಾರೆ ಬೆರಳಗಲ ಸವೆದು, ಹಗ್ಗ ಎಷ್ಟೋ ವರ್ಷ ಉಜ್ಜಿದಂತೆ ನುಣುಪಾಗಿತ್ತು.