ಮೂರನೇ ಅಧ್ಯಾಯ ಯಾರದು?

“ಇದು ನೀನು ಬರೆದದ್ದಲ್ಲ. ಕದ್ದದ್ದು.”

ಮಂಡ್ಯದ ಕಾಲೇಜಿನ ಸಮಿತಿ ಕೋಣೆಯಲ್ಲಿ ಈ ಮಾತು ಬಿದ್ದಾಗ ಪ್ರಿಯಾಂಕಳಿಗೆ ಬೇರೆ ಯಾರಿಗೋ ಹೇಳುತ್ತಿದ್ದಾರೆ ಅನ್ನಿಸಿತು. ಸಮಿತಿಯ ಮುಖ್ಯಸ್ಥೆ ಶಿವನಂಜಮ್ಮ ಮೇಡಂ ಎರಡು ಕಟ್ಟು ಕಾಗದ ಮುಂದೆ ತಳ್ಳಿದರು. ಒಂದು ಪ್ರಿಯಾಂಕಳ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ. ಇನ್ನೊಂದು, ಎಂಟು ತಿಂಗಳ ಹಿಂದೆ ಹೊರದೇಶದ ಪತ್ರಿಕೆಯಲ್ಲಿ ಅಮೃತಳ ಹೆಸರಿನಲ್ಲಿ ಅಚ್ಚಾದ ಲೇಖನ. ಅಮೃತ ಅದೇ ವಿಭಾಗದ ಸಂಶೋಧಕಿ, ಮನೆಯಲ್ಲೂ ಇಂಗ್ಲಿಷನ್ನೇ ಮಾತಾಡಿ ಬೆಳೆದವಳು. ಪ್ಯಾರಾಗೆ ಪ್ಯಾರಾ ಒಂದೇ!

“ಒಂದೇ ವ್ಯತ್ಯಾಸ,” ಎಂದರು ಮೇಡಂ. “ಲೇಖನದಲ್ಲಿ ‘ಇಟ್ ಈಸ್ ಇಂಟರೆಸ್ಟಿಂಗ್ ಟು ನೋಟ್ ದಟ್’ ಅಂತ ಹನ್ನೊಂದು ಕಡೆ ಇದೆ. ನಿನ್ನದರಲ್ಲಿ ಒಂದೂ ಇಲ್ಲ. ಕದ್ದ ಎತ್ತಿನ ಕೊಂಬಿಗೆ ಬೇರೆ ಬಣ್ಣ ಬಳಿದ ಹಾಗೆ, ಗುರುತು ಸಿಗಬಾರದು ಅಂತ ಅಷ್ಟನ್ನು ಕಿತ್ತಿದ್ದೀಯ. ಸೋಮವಾರದೊಳಗೆ ನಿನ್ನದೇ ಅಂತ ತೋರಿಸು. ಇಲ್ಲವಾದರೆ ನೋಂದಣಿ ರದ್ದು.”

ಪ್ರಿಯಾಂಕಳ ಸಂಶೋಧನೆಯೇ ಇಂಥ ಪದಗಳ ಸರದ ಮೇಲೆ. ಇಂಗ್ಲಿಷ್ ತಾಯ್ನುಡಿಯಾದವರು ಶಾಸ್ತ್ರದ ಬರವಣಿಗೆಯಲ್ಲಿ ಯಾವ ಸರಗಳನ್ನು ಮತ್ತೆ ಮತ್ತೆ ಬಳಸುತ್ತಾರೆ, ಕಲಿತು ಬರೆಯುವವರು ಯಾವುದನ್ನು — ಐದು ವರ್ಷ ಎಣಿಸಿದ್ದಳು. ಆ ಐದು ವರ್ಷ ಈಗ ಸೋಮವಾರಕ್ಕೆ ಬಂದು ನಿಂತಿತ್ತು.

ಹೊರಗೆ ಗೈಡ್ ಚಲುವರಾಜು ಕಾದಿದ್ದರು. ದುದ್ದದ ಕಡೆಯವರು, ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರು. ಹಲಗೂರಿನ ಈ ಹುಡುಗಿಯನ್ನು ಪಿಎಚ್‌ಡಿಗೆ ಸೇರಿಸಿಕೊಂಡವರೇ ಅವರು.

“ಎದರ್ಕೋಬ್ಯಾಡ ಕಣಮ್ಮ. ತಪ್ಪಾಯ್ತು ಅಂತ ಬರಕೊಟ್ಬುಡು. ಬೇರೆ ಅಧ್ಯಾಯ ಬರ್ಸಾನ, ನಾನಿವ್ನಿ.”

“ಮಾಡದ ತಪ್ಪಿಗೆ ಹೆಂಗ್ ಬರ್ಕೊಡ್ಲಿ ಸಾರ್?”

ಪ್ರಿಯಾಂಕ ನೆಟ್ಟಗೆ ಕಾಲೇಜಿನ ಎದುರಿದ್ದ ಅಂಕಮ್ಮನ ಅಂಗಡಿಗೆ ನಡೆದಳು.

ಟೈಪಿಂಗ್, ಬೈಂಡಿಂಗ್, ಜೆರಾಕ್ಸ್ — ಇಪ್ಪತ್ತೆರಡು ವರ್ಷದಿಂದ ಊರಿನ ಪ್ರಬಂಧಗಳೆಲ್ಲ ಅಂಕಮ್ಮನ ಬೆರಳಿನಡಿ ಹಾದಿದ್ದವು. ಪಿಯುಸಿ ಫೇಲಾದ ಹೆಂಗಸು. ಆದರೆ ಯಾರ ವಾಕ್ಯ ಹೇಗೆ ಎದ್ದು ಹೇಗೆ ಕೂರುತ್ತದೆಂದು ಆ ಬೆರಳುಗಳಿಗೆ ಗೊತ್ತು.

ಎಲ್ಲ ಕೇಳಿದ ಮೇಲೆ ಆಕೆ ಕೀಬೋರ್ಡು ಪಕ್ಕಕ್ಕೆ ಸರಿಸಿದಳು.

“ನೀ ಬರ್ದಿದ್ದು ಯಾರ್ಯಾರ್ ಕೈಗೆ ಓಗಿತ್ತು? ಬಿಡ್ಸಿ ಏಳು.”

“ಫೈಲು ನಮ್ ಜೊತೆ ಪಿಎಚ್‌ಡಿ ಮಾಡೋ ಮಳವಳ್ಳಿ ಪುನೀತನ ಹತ್ರ ಇತ್ತು. ಓದಿ ನೋಡು ಅಂತ ಕೊಟ್ಟಿದ್ದೆ. ಅಮೃತನ ಕಂಪ್ಯೂಟರಲ್ಲಿ ಒಂದ್ಸಲ ಪ್ರಿಂಟ್ ತೆಗ್ದಿದ್ದೆ. ಆಮೇಲೆ... ನಿಮ್ಮತ್ರ.”

“ನನ್ನೂ ಸೇರಿಸ್ಕೊ, ಬುಡಬ್ಯಾಡ. ಕಳ್ಳರ ಪಟ್ಟೀಲಾದ್ರೂ ವಿದ್ವಾಂಸರ ಪಕ್ಕ ಕುಂತ್ಕತೀನಿ.”

ಅಂಕಮ್ಮ ಪುನೀತನಿಗೆ ಫೋನು ಹಚ್ಚಿದಳು.

“ಲೇ ಪುನೀತ, ಇವಳ ಅಧ್ಯಾಯ ಮಾರ್ಕೊಂಡ್ಯೇನ್ಲಾ?”

“ಅಯ್ಯೋ ಅಕ್ಕ! ಓದಿ ವಾಪಸ್ ಕಳಿಸ್ದೆ, ಅಷ್ಟೇಯ.”

“ಅದ್ರಲ್ಲಿ ‘ಇಂಟರೆಸ್ಟಿಂಗ್ ಟು ನೋಟ್’ ಎಷ್ಟ್ ಕಡೆ ಇತ್ತು?”

“ಒಂದ್ ಕಡೇನೂ ಇರ್ನಿಲ್ಲ. ಇವಳ್ಗೆ ಅದಿಲ್ದೆ ಪೆನ್ನೇ ಓಡಲ್ಲ. ಹೆಂಗಪ್ಪ ಬುಟ್ಳು ಅಂತ ನಾನೇ ಬೆರಗಾದೆ.”

ಅಂಕಮ್ಮ ಫೋನು ಕೆಳಗಿಟ್ಟಳು. ಮುಖದಲ್ಲಿ ನಗೆಯಿರಲಿಲ್ಲ.

ಸಂಜೆ ಜೆರಾಕ್ಸಿಗೆಂದು ಅಮೃತಳೇ ಅಂಗಡಿಗೆ ಬಂದಳು.

“ಅಮೃತಮ್ಮ, ನಿಮ್ಮ ಹಳೇ ಪ್ರಬಂಧ ಇನ್ನೂರು ಪುಟ ನಾನೇ ಬಡಿದಿದ್ದು. ಒಂದೇ ಮಾತನ್ನ ಎರಡ್ ಸಲ ಅಂದೋರಲ್ಲ ನೀವು. ಈಗ ಹನ್ನೊಂದ್ ಸಲ ಅಂದಿದ್ದೀರಿ. ಯಾಕೆ?”

“ಅದು ನನ್ನ ಲೇಖನ!”

“ಹಂಗಾದ್ರೆ ಅದರ ಕೈಬರಹ ತೋರ್ಸಿ.”

“ನನಗೆ ಟೈಪ್ ಮಾಡಿದ ಪ್ರತಿಯೇ ಸಿಕ್ಕಿದ್ದು—” ಅಮೃತ ತುಟಿ ಕಚ್ಚಿದಳು.

“ಯಾರು ಕೊಟ್ರು?”

ಅವಳು ಕಾಗದ ಅಲ್ಲೇ ಬಿಟ್ಟು ಹೊರಟೇಹೋದಳು.

ಅಂಕಮ್ಮನ ಅಂಗಡಿಗೊಂದು ಕಟ್ಟಳೆಯಿದೆ. ಡಿಗ್ರಿ ಕೈಗೆ ಬರುವವರೆಗೂ ಕೈಬರಹ ವಾಪಸಿಲ್ಲ. ಹಿಂದೊಮ್ಮೆ ಯಾರೋ ಪುಟ ಕಳೆದುಕೊಂಡು ಬಂದು ಆಕೆಯ ಮೇಲೆ ಹೊರಿಸಿದ್ದರು. ಅಂದಿನಿಂದ ಎಲ್ಲವೂ ಚೀಲದಲ್ಲಿ, ಹೆಸರು ಬರೆದು, ಅಟ್ಟದ ಮೇಲೆ.

ಸೋಮವಾರ ಪ್ರಿಯಾಂಕಳ ಹೆಸರಿನ ಚೀಲ ಸಮಿತಿಯ ಮೇಜಿನ ಮೇಲೆ ಕುಳಿತಿತ್ತು. ಮೇಡಂ ಪಕ್ಕದಲ್ಲಿ ಚಲುವರಾಜು, ಎದುರಿಗೆ ಪ್ರಿಯಾಂಕಳ ಜೊತೆ ಅಂಕಮ್ಮ.

“ಮೇಡಮ್ಮೋರೆ, ಹಲಗೂರಲ್ಲಿ ದೊಡ್ಡಸಿದ್ದಯ್ಯ ಮೇಷ್ಟ್ರು ಇಂಗ್ಲಿಷ್ ಸರಗಳನ್ನ ಮಗ್ಗಿ ತರ ಬಾಯಿಪಾಠ ಮಾಡಿಸ್ತಿದ್ರಂತೆ. ಅವರ ಕೈಲಿ ಕಲ್ತೋಳು ಇವಳು. ಕೈಲಿ ಬರೆದ್ರೆ ಆ ಮಾತು ಬಂದೇ ಬತ್ತದೆ. ಎಣಿಸ್ಕಳಿ. ಹನ್ನೊಂದು.”

ಮೇಡಂ ಎಣಿಸಿದರು. ಹನ್ನೊಂದು. ಪ್ರತಿಯೊಂದರ ಮೇಲೂ ಕೆಂಪು ಗೀಟು.

“ಗೀಟು ಬಿದ್ದಿದ್ದನ್ನ ನಾನು ಟೈಪ್ ಮಾಡಲ್ಲ. ಅಂದ್ರೆ ಆ ಹನ್ನೊಂದು ಕಂಪ್ಯೂಟರಿಗೆ ಹತ್ಲೇ ಇಲ್ಲ. ಫೈಲು ಕದ್ದೋರಿಗೆ ಅವು ಸಿಕ್ತಿದ್ವಾ? ಪುನೀತ ಅಲ್ಲ. ಪ್ರಿಂಟ್ ನೋಡಿದ್ ಅಮೃತಮ್ಮನೂ ಅಲ್ಲ. ನಾನೂ ಅಲ್ಲ — ನನ್ನ ಕೈಗೆ ಬಂದಾಗ್ಲೇ ಗೀಟು ಇತ್ತು. ಕದ್ದಿರೋದು ಈ ಕಾಗದದಿಂದ, ಗೀಟು ಬೀಳೋಕ್ ಮುಂಚೆ ಜೆರಾಕ್ಸ್ ಹೊಡ್ಸಿ, ಬೇರೆ ಕಡೆ ಟೈಪ್ ಮಾಡ್ಸಿ. ಆಗ ಇದು ಇದ್ದಿದ್ದು ಒಬ್ಬರ ಕೈಲೇ.”

“ಯಾರ ಕೈಲಿ?”

“ಗೀಟು ಹೊಡೆದೋರ ಕೈಲಿ.”

ಪುಟದಂಚಿನಲ್ಲಿ ಸಹಿ, ತಾರೀಕು. ಅಮೃತಳ ಲೇಖನ ಅಚ್ಚಾಗುವುದಕ್ಕೆ ಒಂದು ವರ್ಷ ಮುಂಚಿನದು. ಸಹಿ ಚಲುವರಾಜು ಅವರದು.

ಪ್ರಿಯಾಂಕಳಿಗೆ ನಂಬಲಾಗಲಿಲ್ಲ. ಈ ಮಾತುಗಳು ಬೇಡಮ್ಮ, ಹಳ್ಳಿ ವಾಸನೆ ಹೊಡೀತವೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಗೀಟು ಹೊಡೆದಿದ್ದರಲ್ಲ!

“ಯಾಕೆ ಸಾರ್?”

ಚಲುವರಾಜು ಆ ಪುಟವನ್ನು ಮಗುಚಿಟ್ಟರು. ಮೇಡಂ ತಾವೇ ಗೊಣಗಿದರು: “ಅಮೃತಳ ತಂದೆ ಆಡಳಿತ ಮಂಡಳಿಯಲ್ಲಿದ್ದಾರೆ. ಮುಂದಿನ ತಿಂಗಳು ಪ್ರಿನ್ಸಿಪಾಲರ ಆಯ್ಕೆ, ಇವರ ಹೆಸರೂ ಇದೆ.” ಆಮೇಲೆ ಗಂಟಲು ಸರಿಮಾಡಿಕೊಂಡರು. “ಅಧ್ಯಾಯ ನಿನ್ನದೇ ಪ್ರಿಯಾಂಕ. ನೋಂದಣಿ ಉಳಿಯಿತು. ಆದರೆ ಆ ಪತ್ರಿಕೆಗೆ ದೂರು ಬರೆಯುವುದು ಬೇಡ. ಕಾಲೇಜಿನ ಮರ್ಯಾದೆ ನೋಡಬೇಕು.”

“ನಿನ್ನ ಹೆಸ್ರಲ್ಲಿ ಕಳ್ಸಿದ್ರೆ ಯಾರು ಓದ್ತಿದ್ರು ಏಳು?” ಚಲುವರಾಜು ಮೆಲ್ಲಗೆ ಅಂದರು. “ನನ್ನ ಮೊದಲ್ನೇ ಲೇಖನಾನೂ ನಮ್ಮ ಗೈಡು ಅವರ ಹೆಸ್ರಲ್ಲೇ ಆಕ್ಕಂಡ್ರು ಕಣಮ್ಮ. ನಾನು ತಡ್ಕೊಂಡೆ.”

“ತಡ್ಕೊಂಡಿದ್ದಕ್ಕೇ ಹಿಂಗಾದ್ರಿ ಸಾರ್,” ಎಂದಳು ಪ್ರಿಯಾಂಕ. ಮೇಡಂ ಕಡೆ ತಿರುಗಿದಳು. “ಪತ್ರಿಕೆಗೆ ಇವತ್ತೇ ಬರೀತೀನಿ. ನೋಂದಣಿ ನಿಮ್ಮಿಷ್ಟ.”