ಯಮನೂರನ ಶ್ರದ್ಧಾಂಜಲಿ ಫ್ಲೆಕ್ಸ್

"ಭಾವಪೂರ್ಣ ಶ್ರದ್ಧಾಂಜಲಿ. ಹೆಸರು: ಯಮನೂರ. ಮರಣ: ಇವತ್ತಿನ ತಾರೀಖು ಹಾಕ್ರಿ. ಮಧ್ಯಾಹ್ನದೊಳಗ ಮಸ್ಕಿಗೆ ಬೇಕು, ಬೆಟ್ಟದ ಹಿಂದಿನ ಓಣಿ."

ಅಂಗಡಿಯ ವಾಟ್ಸಾಪ್‌ಗೆ ಬಂದ ಈ ಮೆಸೇಜನ್ನು ಅಮರೇಶ್ವರಿ ಮೊದಲು ಬರೀ ಕೆಲಸವೆಂದೇ ಓದಿದಳು.

ಸಿಂಧನೂರು ಬಸ್ ಸ್ಟ್ಯಾಂಡ್ ಹತ್ತಿರದ ಆ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು ಅವಳು. ಹುಟ್ಟುಹಬ್ಬ, ಮದುವೆ, ಲೀಡರುಗಳ ಸ್ವಾಗತ, ಸಾವು... ಎಲ್ಲವೂ ಅವಳ ಕಂಪ್ಯೂಟರ್ ದಾಟಿಯೇ ಊರಿನ ಕಂಬ ಹತ್ತಬೇಕು. ಯಮನೂರ ಅನ್ನುವ ಹೆಸರಿನವರೂ ಈ ಕಡೆ ಓಣಿಗೊಬ್ಬರು ಸಿಗುತ್ತಾರೆ.

ಆಮೇಲೆ ಫೋಟೋ ಡೌನ್‌ಲೋಡ್ ಆಯಿತು.

ಕೆದರಿದ ವಿಗ್, ಹೊರಗೆ ಚಾಚಿದ ನಾಲಿಗೆ, ಒಂದು ಕಣ್ಣು ಮೇಲೆ, ಇನ್ನೊಂದು ಕಣ್ಣು ಕೆಳಗೆ.

ಅವಳು ಫೋಟೋವನ್ನು ಹಿಗ್ಗಿಸಿ ನೋಡಿದಳು.

'ಇಲ್ಲ... ಇಂವ ಅಲ್ಲ... ಬ್ಯಾರೆ ಯಾರೋ ಇರಬೇಕು...'

ಬೇರೆ ಯಾರೂ ಅಲ್ಲ. ಟಿವಿಯ ಕಾಮಿಡಿ ಷೋದಲ್ಲಿ ನಾಡನ್ನೆಲ್ಲ ನಗಿಸಿದ ಸಾಲಗುಂದದ ಯಮನೂರ. ಅವಳು ಎರಡು ವರ್ಷದಿಂದ ಬ್ಲಾಕ್ ಮಾಡಿಟ್ಟಿದ್ದ ನಂಬರಿನ ಯಮನೂರ.

"ಏನಾತವ್ವಾ? ಮಾರಿ ಯಾಕ ಹಂಗ ಬಿಳಚಿತು?" ಮಾಲೀಕ ಶಿವಶರಣಪ್ಪ ಹಿಂದಿನಿಂದ ಬಂದು ಬಗ್ಗಿ ನೋಡಿದರು. ನೋಡಿದವರೇ ಕುರ್ಚಿ ಎಳೆದುಕೊಂಡು ಕೂತರು. "ಅಯ್ಯೋ ಶಿವನ... ಇಂವ ನಮ್ಮ ಕಾಮಿಡಿ ಹುಡುಗ ಅಲ್ಲೇನು? ಇನ್ನೂ ಎಷ್ಟು ವಯಸ್ಸು ಆಗಿತ್ತು ಇವಂಗ..."

"ಮಸ್ಕ್ಯಾಗ ಯಾಕ ರೀ? ಅವನ ಊರು ಸಾಲಗುಂದ..."

"ಅವನ ಅಕ್ಕನ್ನ ಮಸ್ಕಿಗೆ ಕೊಟ್ಟಾರಲ್ಲ. ಅಲ್ಲೇ ಆಗಿರಬೇಕು."

"ಫೋನ್ ಮಾಡಿ ಕೇಳ್ಲೇನ್ರಿ?"

"ಬ್ಯಾಡವ್ವಾ. ಸಾವಿನ ಮನಿಗೆ ತಿರುಗಿ ಫೋನ್ ಮಾಡಿ ಏನೂ ಕೇಳಬಾರದು. ಅವರು ದುಃಖದಾಗ ಇರ್ತಾರ. ಬ್ಯಾರೆ ಕೆಲಸ ಬದಿಗಿಡು, ಮೊದಲ ಇದನ್ನ ಮಾಡು."

ಅದು ಆ ಅಂಗಡಿಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಅವತ್ತು ಅದೇ ಒಂದು ಹುಡುಗಿಯ ಜೀವ ಹಿಂಡಿತು.

ಅವರು ಹೊರಗೆ ಹೋದ ಮೇಲೆ ಅಮರೇಶ್ವರಿ ತನ್ನ ಫೋನ್ ತೆಗೆದಳು. ಅವನ ನಂಬರ್ ಅನ್‌ಬ್ಲಾಕ್ ಮಾಡಿ ಕರೆ ಮಾಡಿದಳು. ಸ್ವಿಚ್ ಆಫ್. ಸುದ್ದಿ ಹುಡುಕಿದಳು. ಎಲ್ಲೂ ಒಂದು ಸಾಲಿಲ್ಲ.

'ದೊಡ್ಡ ಹೀರೋಗೆ ಶೀತ ಆದ್ರೂ ಸುದ್ದಿ ಆಗ್ತೈತಿ... ನೀ ಸತ್ರೂ ಯಾರೂ ಬರೀಲಿಲ್ಲಲ್ಲೋ...'

ಅವನು ಮೊದಲ ಸಲ ಈ ಅಂಗಡಿಗೆ ಬಂದಾಗ ನಾಟಕ ಕಂಪನಿಯ ಹುಡುಗ. ಕಂಪನಿಯ ಪೋಸ್ಟರ್ ಮಾಡಿಸಲು ಬಂದಿದ್ದ. ನಡುವೆ ಹೀರೋ, ಪಕ್ಕದಲ್ಲಿ ಹೀರೋಯಿನ್, ಕೆಳಗಿನ ಮೂಲೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಬಾಯಿ ತೆರೆದುಕೊಂಡ ಇವನು.

"ಅಕ್ಕೋರೆ, ನನ್ನ ಮಾರಿ ಸ್ವಲ್ಪ ದೊಡ್ಡದ ಮಾಡ್ರಿ."

"ಕಾಮಿಡಿ ಪಾತ್ರ ಅಂದ್ರ ಮೂಲ್ಯಾಗ ರೀ. ಎಲ್ಲಾ ಕಡೆ ಹಂಗ."

"ಹಂಗಾದ್ರ ಮೂಲಿ ದೊಡ್ಡದ ಮಾಡ್ರಿ."

ಅವಳು ನಕ್ಕಿದ್ದಳು. ಅಷ್ಟೇ... ಅಲ್ಲಿಗೆ ಅವಳ ಕಥೆ ಮುಗಿದಿತ್ತು. ನಗಿಸುವವರ ಜೊತೆ ಇದೇ ತೊಂದರೆ, ಒಮ್ಮೆ ನಕ್ಕರೆ ಬಾಗಿಲು ಅರ್ಧ ತೆರೆದ ಹಾಗೆ.

ಆಮೇಲೆ ಟಿವಿಯವರು ಅವನನ್ನು ಆರಿಸಿಕೊಂಡರು. ಅವನು ಸೀರೆ ಉಟ್ಟು ಅತ್ತೆಯಾದ, ಕುಡುಕನಾದ, ಹೀರೋನ ಕೈಲಿ ಏಟು ತಿನ್ನುವ ಗೆಳೆಯನಾದ. ಒಂದು ಸಂಜೆ ಷೋದ ಮೇಕಪ್ ರೂಮಿನಲ್ಲಿ ಒಬ್ಬನೇ ಇದ್ದಾಗ ಸ್ಪೀಕರ್ ಹಾಕಿ ಫೋನ್ ಮಾಡಿದ.

"ಅಮರಿ... ನಾ ಈಗ ತಮಾಷಿ ಮಾಡಾಕತ್ತಿಲ್ಲ. ನನ್ನ ಮದುವಿ ಆಗ್ತೀಯೇನು?"

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಜೀವವನ್ನೆಲ್ಲ ಒಟ್ಟುಮಾಡಿ ಒಂದೇ ಮಾತು ಹೇಳಿದಳು.

"ಹೂಂ."

ಮುಂದಿನ ವಾರ ಆ "ಹೂಂ" ಟಿವಿಯಲ್ಲಿ ಬಂತು.

ಅವನ ಅಂಗಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಎಲ್ಲ ರೆಕಾರ್ಡ್ ಆಗಿತ್ತು. ಅವನ ಮಾತು, ಅವಳ ಮೌನ, ಅವಳ ಹೂಂ... ಅದರ ಬೆನ್ನಿಗೇ ಸಾವಿರ ಜನ ನಕ್ಕ ಸದ್ದು ಸೇರಿಸಿದ್ದರು. ಮತ್ತೆ ಮತ್ತೆ ಹಾಕಿದರು. ಲಿಂಗಸುಗೂರಿನ ಮನೆಯಲ್ಲಿ ಅಪ್ಪ ಬಸ್ಸಪ್ಪ ಎದ್ದು ಟಿವಿ ಆರಿಸಿದರೇ ಹೊರತು ಮಗಳನ್ನು ಒಂದು ಮಾತೂ ಕೇಳಲಿಲ್ಲ. ಸಿಂಧನೂರು ಬಸ್ಸಿನಲ್ಲಿ ಹುಡುಗರ ಫೋನುಗಳು ಅವಳ ದನಿಯಲ್ಲೇ ರಿಂಗಾಗತೊಡಗಿದವು. ಹೂಂ... ಆಮೇಲೆ ನಗು.

'ನನ್ನನ್ನೂ ಕಾಮಿಡಿ ಮಾಡಿದ್ಯಲ್ಲೋ!'

ಅವಳು ಅವನ ನಂಬರ್ ಬ್ಲಾಕ್ ಮಾಡಿದಳು. ಅವನ ಹೆಸರು ಬಂದ ಕಡೆಯೆಲ್ಲ ಎದ್ದು ಹೋದಳು. ಅವನು ಬೇಕೆಂದೇ ಮಾಡಿದ್ದನಾ, ಇಲ್ಲವಾ? ಒಂದು ಸಲವೂ ಕೇಳಿರಲಿಲ್ಲ.

ಈಗ ಹೇಳಲು ಅವನೇ ಇಲ್ಲ.

ಅಮರೇಶ್ವರಿ ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಆದರೆ ಆ ನಾಲಿಗೆ ಚಾಚಿದ ಫೋಟೋವನ್ನು ಹೂವಿನ ಚೌಕಟ್ಟಿನೊಳಗೆ ಇಡಲು ಕೈ ಬರಲಿಲ್ಲ. ಅವನ ಅವ್ವ ಇದನ್ನು ನೋಡಬೇಕಾ? ಅವಳ ಫೋನಿನಲ್ಲಿ ಒಂದು ಫೋಟೋ ಇತ್ತು. ಇದೇ ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ ಯಮನೂರ. ನಟನೆ ಇಲ್ಲ, ತಮಾಷೆ ಇಲ್ಲ, ಬರೀ ಅವನು. ಎಷ್ಟೋ ಸಲ ಅಳಿಸಲು ಹೋಗಿ ಉಳಿಸಿಕೊಂಡಿದ್ದಳು.

ಅದನ್ನೇ ಹಾಕಿದಳು. ನಡುವೆ, ದೊಡ್ಡದಾಗಿ.

ಪ್ರಿಂಟ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ನಾನ ಕೊಟ್ಟು ಬರ್ತೀನ್ರಿ" ಅಂದಳು. ಶಿವಶರಣಪ್ಪ ಅವಳ ಮುಖ ನೋಡಿ, ಬೇಡ ಅನ್ನಲಿಲ್ಲ.

ಮಸ್ಕಿಯ ಬಸ್ಸಿನಲ್ಲಿ ಕಿಟಕಿಯ ಹೊರಗೆ ಗದ್ದೆಗಳು ಹಸಿರಾಗಿ ಓಡುತ್ತಿದ್ದವು. ಅವಳಿಗೆ ಒಂದೂ ಕಾಣಲಿಲ್ಲ.

'ಒಂದ ಸಲ ಕೇಳಬೇಕಿತ್ತು... ಬೈಯಾಕರ ಫೋನ್ ಮಾಡಬೇಕಿತ್ತು...'

ಬೆಟ್ಟದ ಹಿಂದಿನ ಓಣಿಗೆ ಕಾಲಿಡುವ ಮೊದಲೇ ಹೆಂಗಸರು ಗೋಳಾಡುವ ಸದ್ದು ಕೇಳಿತು. ಶಾಮಿಯಾನ. ಭಜನೆಯವರ ತಾಳ. ಮನೆಯ ಮುಂದೆ ತುಂಬ ಜನ. ಅಲ್ಲಿಯವರೆಗೂ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿದ್ದ ಆಸೆಯೂ ಅವಳಲ್ಲಿ ಕುಸಿಯಿತು.

ಯಾರೋ ಒಬ್ಬ ಓಡಿಬಂದು ಫ್ಲೆಕ್ಸ್ ಇಸಿದುಕೊಂಡ. "ತಂದ್ರೇನ್ರೀ? ಇದರ ಸಲುವಾಗಿನ ಕಾಯಾಕತ್ತಿದ್ವಿ."

ಅಮರೇಶ್ವರಿ ಗೋಡೆ ಹಿಡಿದುಕೊಂಡು ಮನೆಯ ಪಕ್ಕಕ್ಕೆ ಬಂದಳು. ಒಳಗೆ ಹೋಗುವ ಮೊದಲು ಒಂದು ಉಸಿರು ಬೇಕಿತ್ತು.

ಅಲ್ಲಿ, ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಕೂತಿದ್ದ. ಹಣೆ ತುಂಬ ವಿಭೂತಿ. ಕೊರಳಲ್ಲಿ ದಪ್ಪ ಹೂವಿನ ಹಾರ. ಎರಡೂ ಮೂಗಿನ ಹೊಳ್ಳೆಯಲ್ಲಿ ಹತ್ತಿ.

ಅವನು ಚಾದಲ್ಲಿ ಬಿಸ್ಕೀಟು ಅದ್ದಿ ತಿನ್ನುತ್ತಿದ್ದ.

ಯಮನೂರ.

ಅವನೂ ತಲೆ ಎತ್ತಿದ. ಬಿಸ್ಕೀಟು ಮುರಿದು ಚಾದೊಳಗೆ ಬಿತ್ತು.

"ಅ... ಅಮರಿ?"

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವನು ಗ್ಲಾಸು ಬಿಸಾಕಿ ಓಡಿಬಂದು ಮುಂದೆ ಮೊಣಕಾಲೂರಿದ. ಮೂಗಿನ ಹತ್ತಿಯಿಂದಾಗಿ ಅವನ ದನಿ ಶೀತ ಹಿಡಿದವನ ದನಿಯಂತಿತ್ತು.

"ಅಮರಿ, ಏನಾತು? ಯಾರಿಗೇನಾತು?"

ಅವಳು ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು. ಬೆಚ್ಚಗಿತ್ತು. ಮರುಕ್ಷಣ ಅದೇ ಕೆನ್ನೆಗೆ ರಪ್ಪೆಂದು ಬಾರಿಸಿದಳು.

"ನೀ ಸತ್ತೀಯಂತ ತಿಳ್ಕೊಂಡು ಬಂದೀನಿ ಲೇ..."

"ನಾನಾ?"

"ನಿನ್ನ ಶ್ರದ್ಧಾಂಜಲಿ ನನ್ನ ಕೈಯಾರ ಮಾಡೀನಿ! ಇವತ್ತಿನ ತಾರೀಖು ಹಾಕೀನಿ!"

ಯಮನೂರ ಕೊರಳಿನ ಹಾರ ಎತ್ತಿ ತೋರಿಸಿದ. "ಇದು ಸಿನಿಮಾದ್ದು ಅಮರಿ... ಶೂಟಿಂಗ್. ಫ್ಲೆಕ್ಸ್ ಮ್ಯಾನೇಜರ್ ಹೇಳ್ಯಾನ, ಯಾವ ಅಂಗಡಿಗಂತ ನನಗ ಗೊತ್ತಿಲ್ಲ. ಪಾತ್ರದ ಹೆಸರೂ ಯಮನೂರನ. ಕಾಮಿಡಿಯವರಿಗೆ ಬ್ಯಾರೆ ಹೆಸರು ಹುಡುಕೋ ತ್ರಾಸು ಯಾರು ತಗೋತಾರ?"

ಆಗ ಅವಳಿಗೆ ಕಂಡವು. ಮಾಡಿನ ಮೇಲಿನ ಲೈಟುಗಳು, ಕ್ಯಾಮೆರಾ, ಅಳುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದ ಹೆಂಗಸರು. ಎರಡು ವರ್ಷದ ಹಿಂದಿನ ಆ ನಗು ಮತ್ತೆ ಕಿವಿಯಲ್ಲಿ ಮೊಳಗಿತು.

'ಮತ್ತ ಸಿಕ್ಕಿಬಿದ್ದೆ. ಮತ್ತ ಇವನ ಮುಂದ, ಇಷ್ಟು ಮಂದಿ ಮುಂದ...'

ಅವಳು ಎದ್ದು ಸೀದಾ ನಡೆದಳು.

"ನಿಂದ್ರವ್ವಾ."

ಅಡ್ಡ ಬಂದವಳು ಆದಮ್ಮ. ನಾಟಕ ಕಂಪನಿಯ ಹಳೆಯ ಕಲಾವಿದೆ, ಈ ಸಿನಿಮಾದಲ್ಲಿ ಯಮನೂರನ ತಾಯಿ. ಅಳುವ ಪಾತ್ರಕ್ಕೆ ಕೂದಲು ಕೆದರಿಕೊಂಡು ನಿಂತಿದ್ದಳು.

"ನೀ ಆ ಹೂಂ ಅಂದ ಹುಡುಗಿ ಹೌದಲ್ಲ?"

ಅಮರೇಶ್ವರಿಯ ಮುಖ ಕೆಂಪಾಯಿತು. "ನೀವೂ ನಗ್ರಿ ಯಮ್ಮಾ. ಎಲ್ಲಾರೂ ನಕ್ಕಾರ."

"ನಾ ಯಾಕ ನಗ್ಲಿ? ಆ ಮೈಕ್ ಚಾಲೂ ಇತ್ತಂತ ಇವಂಗ ಗೊತ್ತಿರಲಿಲ್ಲ. ಟಿವ್ಯಾಗ ನೋಡಿದ ದಿನಾನ ಹೋಗಿ ಷೋದವರ ಕೂಡ ಜಗಳಾಡಿ ಬಿಟ್ಟು ಬಂದ. ಆಮ್ಯಾಗ ಯಾರೂ ಕೆಲಸ ಕೊಡಲಿಲ್ಲ. ಮದುವಿ ಮನ್ಯಾಗ ಮೈಕ್ ಹಿಡಿದು ಮಂದಿನ್ನ ಊಟಕ್ಕ ಕರೀತಿದ್ದ ನೋಡವ್ವಾ, ಟಿವಿ ಸ್ಟಾರು. ಈ ಪಾತ್ರ ಸಿಗೋತನಕ ಅದ ಕೆಲಸ."

ಅಮರೇಶ್ವರಿಗೆ ಬೆಳಗಿನಿಂದ ಎಷ್ಟು ಪೆಟ್ಟು ಬಿದ್ದಿದ್ದವೋ, ಅವೆಲ್ಲಕ್ಕಿಂತ ಇದು ದೊಡ್ಡದಾಗಿ ಬಿತ್ತು.

"ಷೋ... ಬಿಟ್ಟಾ?"

ಅವಳು ತಿರುಗಿದಳು. ಯಮನೂರ ಅವಳನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಮನೆಯ ಗೋಡೆಯ ಮೇಲಿತ್ತು. ಹುಡುಗರು ಫ್ಲೆಕ್ಸ್ ಬಿಚ್ಚಿ ಕಟ್ಟುತ್ತಿದ್ದರು.

"ಇದು ನಾವು ಕಳಿಸಿದ ಫೋಟೋ ಅಲ್ಲಲ್ರೀ?" ಯಾರೋ ಕೇಳಿದರು.

"ಅಲ್ಲ," ಅಂದ ಯಮನೂರ. "ಇದು ಅಂಗಡಿ ಕಟ್ಟಿ ಮ್ಯಾಲ ತೆಗೆದದ್ದು... ಅಮರಿ, ಇದನ್ನ ಇನ್ನೂ ಇಟ್ಕೊಂಡೀಯಾ?"

ಅವಳು ಅವನ ಹತ್ತಿರ ಬಂದಳು.

"ಷೋ ಬಿಟ್ಟಿದ್ದು ನನಗ್ಯಾಕ ಹೇಳಲಿಲ್ಲ?"

"ಎಲ್ಲಿಂದ ಹೇಳ್ಲಿ? ಫೋನ್ ಮಾಡಿದ್ರ ಬ್ಲಾಕ್. ಅಂಗಡಿಗೆ ಬಂದ್ರ ಮಂದಿ ಕೂಡ್ತಾರ, ಮತ್ತ ನಿನ್ನ ನೋಡಿ ನಗ್ತಾರ. ನನ್ನ ಸಲುವಾಗಿ ಇನ್ನೊಮ್ಮೆ ನಿನಗ ಹಂಗ ಆಗಬಾರದು ಅಂತ ದೂರ ಉಳಿದೆ."

"ಎರಡು ವರ್ಷ ನಿನ್ನ ಬೈದೀನಿ ನಾ. ದಿನಾ."

"ಬೈಬೇಕಾದ್ದ. ಮೈಕ್ ನೋಡ್ಕೊಳ್ಳದಿದ್ದದ್ದು ನಂದ ತಪ್ಪು." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಆ ಕಡೆ ಬಾ ಅಮರಿ. ಮಂದಿ ಕೇಳಾಕತ್ತಾರ."

ಅವಳು ಅಲುಗಲಿಲ್ಲ.

ಅಳುವ ಹೆಂಗಸರು, ಭಜನೆಯವರು, ಲೈಟ್ ಹಿಡಿದವರು... ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಎರಡು ವರ್ಷ ಅವಳು ಹೆದರಿದ್ದು ಇಂಥ ಗುಂಪಿಗೇ. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಅವನಿಲ್ಲದ ಲೋಕದಲ್ಲಿ ಇದ್ದು ಬಂದವಳಿಗೆ, ನಗು ಈಗ ಅಂಥ ದೊಡ್ಡ ವಿಷಯವಾಗಿ ಕಾಣಲಿಲ್ಲ.

"ಕೇಳ್ಲಿ," ಅಂದಳು. ದನಿ ಎತ್ತರಿಸಿ, ಓಣಿಗೆ ಕೇಳುವಂತೆ. "ಯಮನೂರ, ನನ್ನ ಮದುವಿ ಆಗ್ತೀಯೇನು?"

ಭಜನೆಯವರು ತಾಳ ಕೆಳಗಿಟ್ಟರು.

ಸಾವಿರ ಸಲ ಸ್ಟೇಜ್ ಹತ್ತಿದವನು, ಯಾವ ಮಾತಿಗೂ ಥಟ್ಟನೆ ತಿರುಗೇಟು ಕೊಡುವವನು, ಅವತ್ತು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕಣ್ಣೀರು ಕೆನ್ನೆಗಿಳಿಯಿತು. ಕೊನೆಗೆ ಹತ್ತಿ ತುರುಕಿದ ಮೂಗಿನಿಂದ ಹೊರಟಿತು.

"ಹೂಂ."

ಹೆಂಗಸರು ಗೊಳ್ಳೆಂದು ನಕ್ಕರು. ಆದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಮರೇಶ್ವರಿ ನಾಚಿಕೆಗಾಗಿ ಕಾದಳು... ಅದು ಬರಲೇ ಇಲ್ಲ. ಅವಳೂ ನಕ್ಕಳು, ಅಳುತ್ತಳುತ್ತಲೇ.

"ಸಾಕ್ರಿ ಸಾಕು, ಹೊತ್ತು ಹೋಗಾಕತ್ತೈತಿ," ಡೈರೆಕ್ಟರ್ ಕೂಗಿದರು. "ಹೆಣ ಒಳಗ ಬರ್ಲಿ."

ಈ ಕಡೆ ಹೆಣ ಕೂರಿಸುವ ಪದ್ಧತಿಯಂತೆ ಯಮನೂರನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅವನ ಜೀವನದಲ್ಲೇ ಮೊದಲ ಸಲ ಜನ ಅವನನ್ನು ನೋಡಿ ಅಳಬೇಕಾದ ಪಾತ್ರ. ಎಷ್ಟು ಕಾದಿದ್ದ ಇದಕ್ಕೆ. ಆದಮ್ಮ ಎದೆ ಬಡಿದುಕೊಂಡು ಅಳತೊಡಗಿದಳು, ಕ್ಯಾಮೆರಾ ಮೆಲ್ಲಗೆ ಹತ್ತಿರ ಬಂತು.

"ಕಟ್! ಏ, ಹೆಣ ನಗಾಕತ್ತೈತಿ!"

ಇನ್ನೊಮ್ಮೆ ತೆಗೆದರು. ಮತ್ತೆ ನಗು. ಮತ್ತೊಮ್ಮೆ. ಮುಚ್ಚಿದ ಕಣ್ಣಿನ ಒಂದು ರೆಪ್ಪೆ ಮೆಲ್ಲಗೆ ಎದ್ದು, ಲೈಟಿನ ಪಕ್ಕದಲ್ಲಿ ಕೂತಿದ್ದ ಅಮರೇಶ್ವರಿಯನ್ನು ಹುಡುಕುತ್ತಿತ್ತು.

"ಆ ತಂಗಿನ್ನ ಆ ಕಡೆ ಮಾರಿ ಮಾಡಿ ಕೂಡ್ರಸ್ರಿ," ಡೈರೆಕ್ಟರ್ ಸೋತು ಹೇಳಿದರು.

ಅಮರೇಶ್ವರಿ ಕುರ್ಚಿ ತಿರುಗಿಸಿ ಅವನಿಗೆ ಬೆನ್ನು ಮಾಡಿ ಕೂತಳು. ಮತ್ತೆ ಎಲ್ಲ ಸದ್ದಡಗಿತು. ಹಿಂದಿನಿಂದ, ತುಟಿ ಅಲುಗಿಸದೆ ಆಡಿದ ಒಂದು ಸಣ್ಣ ಮಾತು ಕೇಳಿತು.

"ಅಮರಿ... ಎದ್ದು ಹೋಗಬ್ಯಾಡ ಮತ್ತ."

ಅವಳು ತಿರುಗಿ ನೋಡಲಿಲ್ಲ. ಕಣ್ಣಷ್ಟೇ ಒರೆಸಿಕೊಂಡಳು.

"ಎಲ್ಲಿಗೂ ಹೋಗಂಗಿಲ್ಲ. ನೀ ಸುಮ್ಮನ ಸಾಯಿ."