ಸೋಡಚೀಟಿಗೆ ಉಳಿದ ಒಬ್ಬನೇ ಸಾಕ್ಷಿ

ಹಿಂಬದಿಯ ಗಾಜು ಒಡೆಯಿತು.

ಕಲ್ಲೋ, ಕಬ್ಬಿಣದ ಸಲಾಕೆಯೋ... ತಿರುಗಿ ನೋಡುವ ವ್ಯವಧಾನವಿರಲಿಲ್ಲ. ಕನ್ನಡಿಯಲ್ಲಿ ಬಿಳಿಯ ಬೊಲೆರೊ ದೊಡ್ಡದಾಗುತ್ತಿತ್ತು. ಅದನ್ನು ನಡೆಸುತ್ತಿದ್ದವನು ಸಿದ್ದಾರೂಢ.

ಬೀಳಗಿ ಬಿಟ್ಟು ಅರ್ಧ ತಾಸಾಗಿತ್ತು. ಜಮಖಂಡಿಯಲ್ಲಿ ಕೋರ್ಟು ಕೂಡುವುದು ಹನ್ನೊಂದಕ್ಕೆ. ನನ್ನ ಪಕ್ಕದಲ್ಲಿ ಎಂಬತ್ತೊಂದು ವರ್ಷದ ಬಸಗೊಂಡಪ್ಪ ಮುತ್ಯಾ ರುಮಾಲು ಸರಿಪಡಿಸಿಕೊಳ್ಳುತ್ತಿದ್ದರು.

"ದುರಗ್ಯಾ, ಗಾಡಿ ನಿಂದರಸು. ಇನ್ನಾ ಪೂಜಿ ಆಗಿಲ್ಲ."

"ಹಿಂದ ಕೊಲ್ಲಾಕ ಬಂದಾರ್ರಿ ಮುತ್ಯಾ."

"ಪೂಜಿ ಮಾಡ್ಕೊಂಡ ಸತ್ರ ತ್ರಾಸಿಲ್ಲ. ಹಂಗ ಸಾಯಾಂವ ಅಲ್ಲ ನಾ."

ನಾನು ಇಪ್ಪತ್ತೆರಡು ವರ್ಷ ಕೋರ್ಟಿನ ಸಮನ್ಸು ಮುಟ್ಟಿಸಿದವನು. ಈಗ ವಕೀಲರಿಗೆ ಬೇಕಾದ ಮನುಷ್ಯರನ್ನು ಹುಡುಕಿ ತರುತ್ತೇನೆ. ತಂದ ಮೇಲೆ ಅವರ ನಾಲಿಗೆ ನನ್ನ ಅಧೀನದಲ್ಲಿಲ್ಲ. ಅದು ನಿಮಗೆ ನೆನಪಿರಲಿ.

ಒಂಬತ್ತು ವರ್ಷದ ಹಿಂದೆ ಗಂಗಾಂಬಿಕಾ ಈ ಸಿದ್ದಾರೂಢನನ್ನು ಬಿಟ್ಟಳು. ಕೋರ್ಟಿಗೆ ಹೋಗಲಿಲ್ಲ. ಈ ಸೀಮೆಯಲ್ಲಿ ಯಾರು ಹೋಗುತ್ತಾರೆ? ಐವರು ಹಿರಿಯರು ಕೂತರು, ಬಾಂಡಿನ ಮೇಲೆ ಸೋಡಚೀಟಿ ಬರೆಸಿದರು, ಗಂಡ ಹೆಂಡತಿ ಸಹಿ ಹಾಕಿದರು. ಸಂಬಂಧ ಹರಿಯಿತೆಂದು ಎಲ್ಲರೂ ನಂಬಿದರು. ಆಮೇಲೆ ಅವಳು ಬನಹಟ್ಟಿಯ ಮಗ್ಗದ ಗುರುಸಿದ್ದನನ್ನು ಮದುವೆಯಾದಳು. ಸ್ನೇಹಾ ಹುಟ್ಟಿದಳು. ಅವಳಿಗೀಗ ಆರು ವರ್ಷ.

ಹೋದ ವರ್ಷ ಸಿದ್ದಾರೂಢ ದಾವೆ ಹೂಡಿದ. ಸೋಡಚೀಟಿ ವಿಚ್ಛೇದನವಲ್ಲ, ಗಂಗಾಂಬಿಕಾ ಇಂದಿಗೂ ನನ್ನ ಹೆಂಡತಿ, ಹೆಂಡತಿಗೆ ಹುಟ್ಟಿದ ಕೂಸು ನನ್ನದು, ಅದನ್ನು ನನ್ನ ವಶಕ್ಕೆ ಕೊಡಿಸಿ... ಕಾನೂನು ಅವನ ಕಡೆಗೇ ವಾಲಿತ್ತು: ಗಂಡ ಹೆಂಡತಿ ಭೇಟಿಯಾಗಲು ಸಾಧ್ಯವೇ ಇರಲಿಲ್ಲವೆಂದು ತೋರಿಸದ ಹೊರತು, ಮದುವೆ ಇರುವಾಗ ಹುಟ್ಟಿದ ಕೂಸು ಗಂಡನದೇ. ಅಷ್ಟೂ ವರ್ಷ ಅವನು ಬನಹಟ್ಟಿಗೆ ಹೊಂದಿಕೊಂಡ ರಬಕವಿಯಲ್ಲೇ ಇದ್ದ, ಅವಳ ಮನೆಯಿಂದ ಎರಡು ಓಣಿ ಆಚೆ. ದಂಪತಿ ಭೇಟಿಯಾಗುವುದು ಅಸಾಧ್ಯವಾಗಿತ್ತು ಎಂದು ಹೇಳುವ ಹಾಗಿರಲಿಲ್ಲ.

ಉಳಿದ ದಾರಿ ಒಂದೇ. ಸೋಡಚೀಟಿ ಅವರ ಸಮಾಜದಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿಯೆಂದು ಸಾಬೀತು ಮಾಡಬೇಕು. ಚೀಟಿ ಬರೆಸಿದ ಐವರಲ್ಲಿ ನಾಲ್ವರು ತೀರಿಹೋಗಿದ್ದರು.

ಐದನೆಯವರು ನನ್ನ ಪಕ್ಕದಲ್ಲಿ ಪೂಜೆಯ ಚಿಂತೆಯಲ್ಲಿದ್ದರು.

"ವಕೀಲ್ರು ಕೇಳಿದ್ರ ಏನ್ ಹೇಳ್ತೀರಿ ಮುತ್ಯಾ?"

"ಇದ್ದದ್ದ ಹೇಳ್ತೇನಿ. ನಮ್ಮ ಸೋದರತ್ತಿಗೆ ನಮ್ಮಜ್ಜ ಸೋಡಚೀಟಿ ಕೊಡಿಸಿದ್ದ. ನನ್ನ ತಂಗಿ ತಂಗೆವ್ವಗ ನಾನ ಕೊಡಿಸೇನಿ. ಸಾಕಲ್ಲ?"

"ಅಷ್ಟ ಅಂದ್ರ ಕೂಸು ಉಳಿತೈತ್ರಿ."

ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಹಿಂದೆ ಎರಡು ಟ್ರೇಲರು. ನಾನು ಎಡಕ್ಕೆ ಹೊರಳಿಸಿದೆ. ಕಬ್ಬಿನ ಗರಿ ಬಾಗಿಲನ್ನು ಗೀಚಿತು. ಬೊಲೆರೊ ಹಿಂದುಳಿಯಿತು.

ಆದರೆ ಮುಧೋಳದ ಸೇತುವೆಯ ಮೇಲೆ ಗಾಡಿಗಳ ಸಾಲು ನಿಂತಿತ್ತು. ಸಿದ್ದಾರೂಢ ಇಳಿದು ನಡೆದೇ ಬಂದ. ಕೈಯಲ್ಲಿ ಸಲಾಕೆ.

"ತಿಮ್ಮಾಪುರದ ಬ್ಯಾಟಿ ನಾಯಿಗಿಂತ ಛಲೋ ವಾಸನಿ ಹಿಡೀತಿ ನೋಡ್ ದುರಗ್ಯಾ. ಮುತ್ಯಾನ ಇಳಸು."

"ಆ ಕೂಸಿನ ಮಾರಿ ಸೈತ ನೋಡಿಲ್ಲ ನೀ. ಯಾಕ ಬೇಕಲೇ ನಿನಗ?"

"ನನಗ ಬೇಕಾಗಿಲ್ಲ. ಗುರುಸಿದ್ದನ ಮನ್ಯಾಗ ಇರಬಾರದು. ಅಷ್ಟ."

ಬಾಗಿಲನ್ನು ಒಮ್ಮೆಲೇ ತೆರೆದು ಅವನ ಮೊಳಕಾಲಿಗೆ ಬಡಿದೆ. ಅವನು ಕುಸಿದ. ಸಾಲು ಸಡಿಲಾಯಿತು. ಗಾಡಿ ನುಗ್ಗಿಸಿದೆ.

ಊರಾಚೆ ಒಂದು ಪಂಪ್‌ಸೆಟ್ಟಿನ ಬಳಿ ಮುತ್ಯಾ ಸ್ನಾನ ಮಾಡಿ ಪೂಜೆ ಮುಗಿಸಿದರು. ಹತ್ತು ನಿಮಿಷ. ನಾನು ಜಾಕ್‌ನ ರಾಡು ಹಿಡಿದು ಕಾವಲು ನಿಂತೆ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕೋರ್ಟು ಮುಟ್ಟಿದೆವು. ವರಾಂಡದಲ್ಲಿ ಗಂಗಾಂಬಿಕಾ, ಅವಳ ಸೆರಗು ಹಿಡಿದ ಸ್ನೇಹಾ. ಮುತ್ಯಾನನ್ನು ಕಂಡು ಅವಳು ಕಣ್ಣೊರೆಸಿಕೊಂಡಳು. ಗೆದ್ದೆವೆಂದು ನಾನೂ ನಂಬಿದೆ.

ಮುತ್ಯಾ ಕಟಕಟೆ ಏರಿದರು. ಚೀಟಿ ಬರೆಸಿದ್ದು ನಾನು, ಸಹಿ ನನ್ನದು ಎಂದರು. ಧ್ವನಿಯಲ್ಲಿ ನಡುಕವಿರಲಿಲ್ಲ.

ಆಗ ಒಳಗೆ ಬಂದ ಸಿದ್ದಾರೂಢ, ಕುಂಟುತ್ತ. ಅವನ ಹಿಂದೆ ಅವನೇ ಕರೆಸಿದ ಬೀಳಗಿಯ ಹತ್ತು ಮಂದಿ. ಅವರಲ್ಲಿ ಇಬ್ಬರು ಮುತ್ಯಾನ ಬೀಗರು, ಮೊಮ್ಮಗಳನ್ನು ಸೊಸೆಯಾಗಿ ತಂದುಕೊಳ್ಳಲಿದ್ದವರು. ಎಲ್ಲರೂ ಹಿಂದಿನ ಬೆಂಚಿನಲ್ಲಿ ಕೂತರು.

ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ಬಹಳ ಮೃದುವಾಗಿ ಕೇಳಿದರು.

"ಯಜಮಾನ್ರ, ನಿಮ್ಮದು ದೊಡ್ಡ ಮನಿತನ. ನಿಮ್ಮ ಮನ್ಯಾಗ ಎಷ್ಟು ಹೆಣ್ಮಕ್ಕಳು ಸೋಡಚೀಟಿ ತಗೊಂಡಾರ್ರಿ?"

ಮುತ್ಯಾ ಬೆಂಚಿನ ಕಡೆ ನೋಡಿದರು. ಬೆನ್ನು ನೆಟ್ಟಗಾಯಿತು.

"ಏನ್ ಕೇಳಾಕತ್ತೀರಿ? ಒಬ್ಬಾಕೀನೂ ಇಲ್ಲ."

"ನಿಮ್ಮ ಮಂದ್ಯಾಗ?"

"ನಮ್ಮಂಥಾ ಮಂದ್ಯಾಗ ಈ ಪದ್ಧತಿನ ಇಲ್ರಿ. ಗಂಗವ್ವನ ಕಷ್ಟಾ ನೋಡಿ ಒಂದ ಸರ್ತಿ ಮಾಡಿದ್ವಿ. ಹಿಂದೂ ಇಲ್ಲ, ಮುಂದೂ ಇಲ್ಲ."

ಟೈಪಿಸ್ಟು ಅದನ್ನು ಅಕ್ಷರಶಃ ಹೊಡೆದಳು.

ಹೊರಗೆ ಗಂಗಾಂಬಿಕಾ ಅವರ ದಾರಿಗೆ ಅಡ್ಡ ನಿಂತಳು. "ಮುತ್ಯಾ, ಯಾಕ ಹಂಗಂದ್ರಿ?"

"ನಿನ್ನ ಚೀಟಿ ನಾನ ಬರಸೀನಿ ಅಂತ ಹೇಳಿದ್ನಲ್ಲವಾ? ಬೀಗರ ಮುಂದ ತಂಗೆವ್ವನ ಮಾತ ತಗಿಯೂದೇನ?" ಸ್ನೇಹಾಳ ತಲೆ ಸವರಿದರು. "ಶ್ಯಾಣೆ ಐತಿ ಕೂಸು."

ಸಿದ್ದಾರೂಢ ಬಂದು ಅವರ ಪಾದ ಮುಟ್ಟಿದ. "ಬಿಸಲಾತು ಮುತ್ಯಾ. ಬರ್ರಿ, ಬೀಳಗಿ ತನಕ ನಾನ ಬಿಡ್ತೇನಿ."

ಮುತ್ಯಾ ಬೊಲೆರೊ ಹತ್ತಿದರು.

ತಿಂಗಳೊಪ್ಪತ್ತಿನಲ್ಲಿ ತೀರ್ಪು ಬಂತು. ಪದ್ಧತಿ ಸಾಬೀತಾಗಿಲ್ಲ, ಸೋಡಚೀಟಿ ಅಸಿಂಧು, ಮೊದಲ ಮದುವೆ ಊರ್ಜಿತ. ಸ್ನೇಹಾ ಸಿದ್ದಾರೂಢನ ಮಗಳು. ಮೇಲಿನ ಕೋರ್ಟಿಗೆ ಹೋಗಬಹುದೆಂದು ವಕೀಲರು ಹೇಳಿದರು, ನನ್ನ ಮುಖ ನೋಡದೆ. ಕೂಸನ್ನು ಒಯ್ಯುವ ದಿನ ಗುರುಸಿದ್ದ ಮಗ್ಗ ನಿಲ್ಲಿಸಿದ್ದ. ಓಣಿಯ ಉಳಿದ ಮಗ್ಗಗಳು ಓಡುತ್ತಲೇ ಇದ್ದವು. ಗಂಗಾಂಬಿಕಾಳ ಅಳು ಮೂರನೆಯ ಮನೆಗೂ ಕೇಳಿಸಲಿಲ್ಲ.

ಸೇತುವೆಯ ಮೇಲೆ ನಾನು ಸೋತು ಮುತ್ಯಾನನ್ನು ಇಳಿಸಿಬಿಟ್ಟಿದ್ದರೆ, ಸಾಕ್ಷಿ ಬಂದಿಲ್ಲವೆಂದು ಅವಳಿಗೆ ಇನ್ನೊಂದು ತಾರೀಖಾದರೂ ಸಿಗುತ್ತಿತ್ತು.